ಹಳ್ಳಿಲಿದ್ಕೊಂಡು ಪಾಸ್‌ಪೋರ್ಟ್ ಮಾಡಿಸೋದು ಹೇಗೆ: ಏಜೆಂಟ್ ಬೇಡ, ಹೆಸರು ಸರಿ ಇದ್ರೆ ಸಾಕು

ಮೊದಲೇ ಹೇಳಿಬಿಡ್ತೀನಿ, ನಾನು ಏಜೆಂಟ್ ಅಲ್ಲ. ತೀರ್ಥಹಳ್ಳಿ ತಾಲ್ಲೂಕಲ್ಲಿ ಒಂದು ಹಳ್ಳಿ ನಮ್ದು, ಮನೇಲಿ ಲ್ಯಾಪ್‌ಟಾಪ್ ಇದೆ, ವೈಫೈ ಇದೆ (ಗುಡುಗು ಶುರುವಾದ್ರೆ ಇಲ್ಲ), ಅಷ್ಟಕ್ಕೇ ಸುತ್ತಮುತ್ತಲ ಮನೆಯವ್ರು ಪಹಣಿ ತೆಗೆಸೋಕೂ ನನ್ ಹತ್ರ ಬರ್ತಾರೆ, ಕರೆಂಟ್ ಬಿಲ್ ಕಟ್ಟೋಕೂ ಬರ್ತಾರೆ, ಈಗೊಂದು ನಾಲ್ಕೈದು ವರ್ಷದಿಂದ ಪಾಸ್‌ಪೋರ್ಟಿಗೂ ಬರ್ತಾರೆ. ಮಕ್ಕಳೆಲ್ಲ ಬೆಂಗಳೂರು ದಾಟಿ ಹೊರಗೆ ಹೋಗಿದಾರಲ್ಲ, ಬಾಣಂತನಕ್ಕೆ ಅಂತ ಅಮ್ಮಂದಿರಿಗೆ ಬುಲಾವ್ ಬರತ್ತೆ, ಅಮ್ಮಂದಿರು ನನ್ನ ಜಗಲಿಗೆ ಬರ್ತಾರೆ. ಇಲ್ಲಿ ತನಕ ಹತ್ತು ಹನ್ನೆರಡು ಅರ್ಜಿ ಹಾಕಿಕೊಟ್ಟಿದೀನಿ. ಎಲ್ರೂ ಹೆದರೋದು ಪೊಲೀಸ್ ವೆರಿಫಿಕೇಶನ್‌ಗೆ, ಇಲ್ಲಾ ಆಫೀಸಲ್ಲಿ ಇಂಗ್ಲಿಷಲ್ಲಿ ಏನ್ ಕೇಳ್ತಾರೋ ಅಂತ. ನಾನು ನೋಡಿದ ಹಾಗೆ ಅಲ್ಲೆಲ್ಲೂ ಯಾರೂ ಸಿಕ್ಕಿ ಬಿದ್ದಿಲ್ಲ. ಸಿಕ್ಕಿ ಬಿದ್ದವ್ರೆಲ್ಲ ಬಿದ್ದಿದ್ದು ಹೆಸರಲ್ಲಿ, ಮನೇಲಿರೋ ಟ್ರಂಕಲ್ಲೇ.

ನಮ್ಮ ದೊಡ್ಡಮ್ಮಂದೇ ಕಥೆ ತಗೊಳ್ಳಿ. ನಿಜವಾದ ಹೆಸರು ಬರೆದ್ರೆ ಬೈತಾರೆ, ಲಕ್ಷ್ಮಿ ಅಂತಿಟ್ಕೊಳ್ಳಿ. ಟ್ರಂಕಿಂದ ಕಾಗದ ಎಲ್ಲ ತಂದು ಜಗಲಿ ಮೇಲೆ ಹರಡಿದ್ರು, ನೋಡಿದ್ರೆ ಐದು ಕಾಗದದಲ್ಲಿ ಐದು ಜನ ದೊಡ್ಡಮ್ಮ. ಆಧಾರಲ್ಲಿ ಲಕ್ಷ್ಮಿಯ ಇಂಗ್ಲಿಷ್ ಸ್ಪೆಲಿಂಗಿಗೆ ಕೆ ಎಸ್ ಎಚ್ ಹಾಕಿದಾರೆ, ವೋಟರ್ ಐಡೀಲಿ ಎಕ್ಸ್ ಹಾಕಿದಾರೆ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಲಕ್ಷ್ಮಮ್ಮ, ಪ್ಯಾನ್ ಕಾರ್ಡಲ್ಲಿ ಹೆಸರಿನ ಹಿಂದೆ ದೊಡ್ಡಪ್ಪನ ಪೂರ್ತಿ ಹೆಸರು ಅಂಟ್ಕೊಂಡಿದೆ, ಸ್ಕೂಲ್ ಟೀಸೀಲಿ ಲಕ್ಷ್ಮೀದೇವಿ, ಜೊತೆಗೆ ಅವರಪ್ಪನ ಇನಿಷಿಯಲ್. ಮೇಲಿಂದ ಆಧಾರಲ್ಲಿ ಹುಟ್ಟಿದ ತಾರೀಕು ಜನವರಿ 1, ಟೀಸೀಲಿ ಜೂನ್ 1. ದೊಡ್ಡಮ್ಮನ್ನ ಕೇಳಿದ್ರೆ "ನಾನು ಹುಟ್ಟಿದ್ದು ದೀಪಾವಳಿ ಕಳೆದು ಮೂರನೇ ದಿನಕ್ಕಂತೆ ಮಾರಾಯ, ನಮ್ಮಮ್ಮ ಹೇಳ್ತಿದ್ಲು" ಅಂತಾರೆ.

ಜೂನ್ ಒಂದರ ಗುಟ್ಟು ನಮ್ಮ ಕಡೆ ಎಲ್ರಿಗೂ ಗೊತ್ತಿರೋದೇ. ಆಗೆಲ್ಲ ಒಂದನೇ ಕ್ಲಾಸಿಗೆ ಸೇರಿಸೋವಾಗ ಮೇಷ್ಟ್ರು ಅಂದಾಜಲ್ಲಿ ಒಂದು ತಾರೀಕು ಬರ್ಕೋತಿದ್ರು, ಶಾಲೆ ಶುರುವಾಗೋದು ಜೂನಲ್ಲಿ, ಹಾಗಾಗಿ ಊರಿಗೆ ಊರೇ ಜೂನ್ 1ಕ್ಕೆ ಹುಟ್ಟಿದೆ. ಅದಕ್ಕೇನೂ ತಲೆ ಕೆಡಿಸ್ಕೋಬೇಡಿ. ಪಾಸ್‌ಪೋರ್ಟಿಗೆ ನೀವು ನಿಜವಾಗಿ ಯಾವತ್ತು ಹುಟ್ಟಿದ್ದು ಅನ್ನೋದಕ್ಕಿಂತ ಎಲ್ಲಾ ಕಾಗದದಲ್ಲೂ ಒಂದೇ ತಾರೀಕಿಗೆ ಹುಟ್ಟಿದೀರ ಅನ್ನೋದು ಮುಖ್ಯ.

ಈಗ ಕೆಲಸಕ್ಕೆ ಬರೋಣ. ವೆಬ್‌ಸೈಟ್ ತೆಗೆಯೋಕೆ ಮುಂಚೆ ಒಂದು ಬಿಳಿ ಹಾಳೆ ತಗೊಂಡು ನಿಮ್ಮ ಹತ್ರ ಇರೋ ಪ್ರತಿಯೊಂದು ಕಾಗದದಲ್ಲಿ ಹೆಸರು ಇಂಗ್ಲಿಷಲ್ಲಿ ಹೇಗಿದೆಯೋ ಹಾಗೇ ಒಂದರ ಕೆಳಗೊಂದು ಬರೀರಿ, ಪಕ್ಕದಲ್ಲಿ ಅಪ್ಪನ ಹೆಸರು, ಹುಟ್ಟಿದ ತಾರೀಕು. ಒಂದು ಅಕ್ಷರ ಹೆಚ್ಚುಕಮ್ಮಿ ಇದ್ರೂ ಹಾಗೇ ಬರೀರಿ, ಮನಸ್ಸಲ್ಲೇ ಸರಿಮಾಡ್ಕೊಂಡು ಬರೀಬೇಡಿ. ಮಂಜುನಾಥ್ ಬೇರೆ, ಕೊನೇಲಿ ಎ ಇರೋ ಮಂಜುನಾಥ ಬೇರೆ, ಬಸವರಾಜ್ ಬೇರೆ, ಬಸವರಾಜು ಬೇರೆ. ನಮಗೆ ಎಲ್ಲ ಒಂದೇ, ಕಂಪ್ಯೂಟರಿಗಲ್ಲ. ಬರೆದಾದ್ಮೇಲೆ ಯಾವುದನ್ನ ಆಧಾರವಾಗಿ ಇಟ್ಕೊಳ್ಳೋದು ಅಂತ ತೀರ್ಮಾನ ಮಾಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇದ್ದವ್ರು ಕಣ್ಣು ಮುಚ್ಕೊಂಡು ಅದನ್ನೇ ಹಿಡೀರಿ, ಯಾಕಂದ್ರೆ ಅದನ್ನ ತಿದ್ದಿಸೋದು ಬೆಟ್ಟ ಅಗೆದ ಹಾಗೆ, ಉಳಿದದ್ದನ್ನ ಅದರ ದಾರಿಗೆ ತರೋದು ಸುಲಭ. ಮಾರ್ಕ್ಸ್ ಕಾರ್ಡ್ ಇಲ್ಲದವ್ರು ಬರ್ತ್ ಸರ್ಟಿಫಿಕೇಟೋ ಟೀಸಿಯೋ ಯಾವುದು ಗಟ್ಟಿ ಇದೆಯೋ ಅದನ್ನ ಹಿಡೀರಿ.

ಆಧಾರ್ ತಿದ್ದಿಸೋವಾಗ ಒಂದು ಎಚ್ಚರಿಕೆ. ಹೆಸರು ಬದಲಾಯಿಸೋಕೆ ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ತಾರೀಕಿಗೆ ಒಂದೇ. ಹಾಗಾಗಿ ಸೆಂಟರಲ್ಲಿ ಟೈಪ್ ಮಾಡೋ ಹುಡುಗನ ಪಕ್ಕದಲ್ಲೇ ನಿಂತ್ಕೊಂಡು ಒಂದೊಂದೇ ಅಕ್ಷರ ಓದಿ ನೋಡಿ, ಆಮೇಲೆ ಸಬ್ಮಿಟ್ ಮಾಡೋಕೆ ಬಿಡಿ. ದೊಡ್ಡಮ್ಮಂದು ಹೀಗೇ ಅವಸರ ಮಾಡಿ ಮೊದಲ ಸಲ ಇನ್ನೂ ಹಾಳಾಯ್ತು, ದೇವಿ ಹೋಗಿ ದೇವ ಆದ್ರು.

ಇನ್ನು ಇನಿಷಿಯಲ್. ಇದು ನಮ್ಮ ಕಡೆಯವ್ರ ದೊಡ್ಡ ತಲೆನೋವು. ಪಾಸ್‌ಪೋರ್ಟಲ್ಲಿ ಇನಿಷಿಯಲ್ ನಡೆಯಲ್ಲ, ಕೆ ಎಸ್ ಅಂತಿದ್ರೆ ಕೆ ಅಂದ್ರೆ ಏನು ಎಸ್ ಅಂದ್ರೆ ಏನು ಅಂತ ಬಿಡಿಸಿ ಬರೀಬೇಕು. ಕೆ ಊರಿನ ಹೆಸರು, ಎಸ್ ಅಪ್ಪನ ಹೆಸರು. ಫಾರ್ಮಲ್ಲಿ ಎರಡು ಡಬ್ಬಿ ಇರತ್ತೆ, ಒಂದು ಗಿವನ್ ನೇಮ್, ಇನ್ನೊಂದು ಸರ್‌ನೇಮ್. ಗಿವನ್ ನೇಮಲ್ಲಿ ನಿಮ್ಮ ಹೆಸರು, ಸರ್‌ನೇಮಲ್ಲಿ ಮನೆತನದ ಹೆಸರು. ಭಟ್ರು, ಹೆಗಡೆಯವ್ರು, ಗೌಡ್ರು, ಶೆಟ್ರಿಗೆ ತೊಂದ್ರೆ ಇಲ್ಲ, ಉಳಿದವ್ರಿಗೆ ಸರ್‌ನೇಮ್ ಎಲ್ಲಿಂದ ತರೋದು? ಖಾಲಿ ಬಿಟ್ರೂ ಫಾರ್ಮ್ ತಗೊಳತ್ತೆ, ಕಾನೂನಲ್ಲೂ ತಪ್ಪಿಲ್ಲ. ಆದ್ರೆ ಆಮೇಲೆ ಹೊರದೇಶದಲ್ಲಿ ಇರುಸುಮುರುಸು. ಬರೀ ಒಂದು ಹೆಸರಿರೋ ಪಾಸ್‌ಪೋರ್ಟಿಗೆ ಅಮೆರಿಕದವ್ರು ವೀಸಾ ಕೊಡೋವಾಗ ನಿಮ್ಮ ಹೆಸರನ್ನ ಸರ್‌ನೇಮ್ ಜಾಗಕ್ಕೆ ತಳ್ಳಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕ್ತಾರೆ, ಅಂದ್ರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಅಲ್ಲಿ ಹೋದ ನಮ್ಮ ಕಡೆ ಎಷ್ಟೋ ಜನ ಲೈಸೆನ್ಸಲ್ಲೂ ಬ್ಯಾಂಕಲ್ಲೂ ಫ್ನು ಅಂತಾನೇ ಕರೆಸ್ಕೊಂಡಿದಾರೆ. ಯುಎಇಯವ್ರು 2022ರ ನವೆಂಬರಲ್ಲಿ ಒಂಟಿ ಹೆಸರಿನ ಪಾಸ್‌ಪೋರ್ಟ್ ಇಟ್ಕೊಂಡು ವಿಸಿಟ್ ವೀಸಾದಲ್ಲಿ ಬರೋರನ್ನ ಬಿಡಲ್ಲ ಅಂತಾನೂ ಹೇಳಿದ್ರು. ಅದಕ್ಕೇ ನನ್ನ ಅಭಿಪ್ರಾಯ ಇಷ್ಟೇ, ಅಪ್ಪನ ಹೆಸರೋ ಊರಿನ ಹೆಸರೋ ಯಾವುದೋ ಒಂದನ್ನ ಸರ್‌ನೇಮ್ ಅಂತ ಇಟ್ಕೊಳ್ಳಿ, ಆದ್ರೆ ಮೊದಲು ಆಧಾರಲ್ಲಿ ಹಾಗೇ ಮಾಡಿಸ್ಕೊಂಡು ಆಮೇಲೆ ಫಾರ್ಮ್ ತುಂಬಿ. ಮದುವೆ ಆದ ಹೆಣ್ಣುಮಕ್ಕಳು ಗಂಡನ ಹೆಸರು ಸೇರಿಸ್ಲೇಬೇಕು ಅಂತ ಏನೂ ಇಲ್ಲ, ಓದಿದ ಕಾಗದ ಎಲ್ಲ ತವರಿನ ಹೆಸರಲ್ಲಿದ್ರೆ ಅದನ್ನೇ ಇಟ್ಕೊಳ್ಳಿ, ಅರ್ಧ ಕೆಲಸ ಕಮ್ಮಿ.

ದೊಡ್ಡಮ್ಮಂದು ಹೆಸರು ಒಂದು ದಾರಿಗೆ ಬರೋಕೆ ಎರಡು ತಿಂಗಳು ಹಿಡೀತು. ಪಾಸ್‌ಪೋರ್ಟ್ ಬರೋಕೆ ಮೂರು ವಾರ. ಲೆಕ್ಕ ನೀವೇ ಹಾಕ್ಕೊಳ್ಳಿ.

ಕಾಗದ ಏನೇನು ಬೇಕು ಅಂದ್ರೆ ಮುಖ್ಯವಾಗಿ ಎರಡು, ಹುಟ್ಟಿದ ತಾರೀಕಿಗೆ ಒಂದು, ವಿಳಾಸಕ್ಕೆ ಒಂದು. 2023ರ ಅಕ್ಟೋಬರ್ 1 ಅಥವಾ ಅದಾದ್ಮೇಲೆ ಹುಟ್ಟಿದ ಮಕ್ಕಳಿಗೆ ಬರ್ತ್ ಸರ್ಟಿಫಿಕೇಟ್ ಬಿಟ್ರೆ ಬೇರೆ ಏನೂ ನಡೆಯಲ್ಲ. ಅದಕ್ಕಿಂತ ಮುಂಚೆ ಹುಟ್ಟಿದವ್ರಿಗೆ ಬರ್ತ್ ಸರ್ಟಿಫಿಕೇಟ್, ಟೀಸಿ, ಹತ್ತನೇ ಕ್ಲಾಸಿನ ಸರ್ಟಿಫಿಕೇಟ್, ಪ್ಯಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ಇವುಗಳಲ್ಲಿ ಒಂದು ಇದ್ರೆ ಆಯ್ತು. ಹುಟ್ಟಿದ ತಾರೀಕಿಗೆ ಆಧಾರನ್ನ ನಂಬ್ಕೊಂಡು ಹೋಗ್ಬೇಡಿ, ಈಗಿನ ಆಧಾರ್ ಮೇಲೆ ಇದು ಗುರುತಿನ ಪುರಾವೆ ಮಾತ್ರ, ಪೌರತ್ವಕ್ಕೂ ಹುಟ್ಟಿದ ತಾರೀಕಿಗೂ ಅಲ್ಲ ಅಂತ ಅವ್ರೇ ಪ್ರಿಂಟ್ ಹಾಕಿದಾರೆ. ವಿಳಾಸಕ್ಕೆ ಮಾತ್ರ ಆಧಾರ್ ಆರಾಮಾಗಿ ನಡೆಯತ್ತೆ, ಇಲ್ಲಾಂದ್ರೆ ಕರೆಂಟ್ ಬಿಲ್ಲು, ಗ್ಯಾಸ್ ಕನೆಕ್ಷನ್ ಕಾಗದ, ಫೋಟೋ ಇರೋ ಬ್ಯಾಂಕ್ ಪಾಸ್‌ಬುಕ್. ಹಳ್ಳಿ ಮನೇಲಿ ಕರೆಂಟ್ ಬಿಲ್ ಇನ್ನೂ ಸತ್ತು ಹೋದ ಅಜ್ಜನ ಹೆಸರಲ್ಲೇ ಬರ್ತಿರತ್ತೆ, ಅದನ್ನ ತಗೊಂಡು ಹೋಗಿ ಏನೂ ಉಪಯೋಗ ಇಲ್ಲ.

ಹತ್ತನೇ ಕ್ಲಾಸ್ ಪಾಸಾಗಿದ್ರೆ ಮಾರ್ಕ್ಸ್ ಕಾರ್ಡ್ ತಪ್ಪದೇ ತಗೊಂಡು ಹೋಗಿ, ಹುಟ್ಟಿದ ತಾರೀಕಿಗೆ ಬೇರೆ ಕಾಗದ ಕೊಟ್ಟಿದ್ರೂ ಕೂಡ. ಯಾಕಂದ್ರೆ ಇಸಿಆರ್ ಅಂತ ಒಂದಿದೆ, ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದ್ರೆ ದೇಶ ಬಿಡೋ ಮುಂಚೆ ತಪಾಸಣೆ ಬೇಕು ಅನ್ನೋ ಗುರುತು. ಹತ್ತನೇ ಕ್ಲಾಸ್ ಆಗಿರೋ ಪುರಾವೆ ಇಲ್ಲಾಂದ್ರೆ ಪಾಸ್‌ಪೋರ್ಟ್ ಇಸಿಆರ್ ಆಗಿ ಬರತ್ತೆ, ಆಗ ಸೌದಿ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಥರದ 18 ದೇಶಕ್ಕೆ ಕೆಲಸಕ್ಕೆ ಅಂತ ಹೋಗೋವಾಗ ಸರ್ಕಾರದಿಂದ ಇನ್ನೊಂದು ಕ್ಲಿಯರೆನ್ಸ್ ತಗೋಬೇಕಾಗತ್ತೆ. ನಮ್ಮ ಕಡೆಯಿಂದ ಗಲ್ಫಿಗೆ ಹೋಗೋ ಹುಡುಗರು ಇದನ್ನ ಮರೀಬೇಡಿ. 50 ದಾಟಿದವ್ರಿಗೆ ಈ ತಾಪತ್ರಯ ಇಲ್ಲ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ದೊಡ್ಡಮ್ಮ ವಯಸ್ಸಿನ ಲೆಕ್ಕದಲ್ಲೇ ಪಾರಾದ್ರು.

ವೆಬ್‌ಸೈಟ್ ಒಂದೇ ಒಂದು, ಪಾಸ್‌ಪೋರ್ಟ್ ಇಂಡಿಯಾ ಡಾಟ್ ಜಿಒವಿ ಡಾಟ್ ಇನ್. ಕೊನೇಲಿ ಜಿಒವಿ ಡಾಟ್ ಇನ್ ಇಲ್ಲ ಅಂದ್ರೆ ಅದು ಡುಪ್ಲಿಕೇಟು, ಗೂಗಲ್ ಮಾಡಿದ್ರೆ ನೋಡೋಕೆ ಅಸಲಿ ಥರನೇ ಇರೋವು ಬರ್ತವೆ, ಅಪಾಯಿಂಟ್‌ಮೆಂಟ್ ಕೊಡಿಸ್ತೀವಿ ಅಂತ ಹೆಚ್ಚು ದುಡ್ಡು ಕೀಳ್ತವೆ. ಮೊಬೈಲಲ್ಲಿ ಮಾಡೋರಿಗೆ ಎಂಪಾಸ್‌ಪೋರ್ಟ್ ಸೇವಾ ಅನ್ನೋ ಸರ್ಕಾರದ್ದೇ ಆಪ್ ಇದೆ. ಅಕೌಂಟ್ ಮಾಡ್ಕೊಳ್ಳೋಕೆ ಇಮೇಲ್ ಬೇಕು, ಅಮ್ಮಂದಿರಿಗೆ ಇಮೇಲ್ ಇರಲ್ಲ, ಮಗನದ್ದೋ ಮಗಳದ್ದೋ ಹಾಕಿದ್ರೆ ನಡೆಯತ್ತೆ, ಆದ್ರೆ ಫೋನ್ ನಂಬರ್ ಮಾತ್ರ ಊರಲ್ಲೇ ಇರೋ, ರಿಂಗ್ ಆಗೋ ನಂಬರ್ ಕೊಡಿ. ಪೊಲೀಸ್ನೋರು ಅದಕ್ಕೇ ಫೋನ್ ಮಾಡೋದು. ಅಮೆರಿಕದಲ್ಲಿರೋ ಮಗನ ನಂಬರ್ ಕೊಟ್ರೆ ಅವನಿಗೆ ರಾತ್ರಿ ಎರಡು ಗಂಟೆಗೆ ಸ್ಟೇಷನ್ನಿಂದ ಕಾಲ್ ಬರತ್ತೆ.

ಫಾರ್ಮ್ ಉದ್ದ ಇದೆ ಆದ್ರೆ ಕಷ್ಟ ಇಲ್ಲ, ಮಧ್ಯದಲ್ಲಿ ಸೇವ್ ಮಾಡ್ಕೊಂಡು ಹೋಗಿ, ಕರೆಂಟ್ ಯಾವಾಗ ಹೋಗತ್ತೋ ಗೊತ್ತಿಲ್ಲ. ಮೊದಲ ಸಲ ಅಂದ್ರೆ ಫ್ರೆಶ್, ಹಳೇದು ಇದ್ರೆ ರೀ-ಇಶ್ಯೂ. ಮೈಮೇಲೆ ಕಾಣೋ ಗುರುತು ಏನು ಅಂತ ಕೇಳತ್ತೆ, ಮಚ್ಚೆನೋ ಗಾಯದ ಕಲೆನೋ ಬರೀರಿ. ಗುರುತಿರೋ ಇಬ್ಬರ ಹೆಸರು ವಿಳಾಸ ಕೇಳತ್ತೆ, ಅಕ್ಕಪಕ್ಕದ ಮನೆಯವ್ರದ್ದು ಕೊಡಿ, ಕೊಟ್ಟಿದೀನಿ ಅಂತ ಅವ್ರಿಗೆ ಒಂದು ಮಾತು ಹೇಳಿಡಿ, ಯಾಕಂದ್ರೆ ಪೊಲೀಸ್ನೋರು ಬಂದು ಕೇಳಿದಾಗ "ಅವ್ರಾ, ಅವ್ರು ಇಲ್ಲಿ ಇಲ್ಲಪ್ಪ, ಮಗಳ ಮನೇಲಿದಾರೆ" ಅಂತ ಹೇಳಿ ಕೂತ್ರೆ ಮುಗೀತು. ಆ ಥರ ಆಗಿದೆ, ನಮ್ಮೂರಲ್ಲೇ.

ವಿಳಾಸದ ಜಾಗದಲ್ಲಿ ಪೊಲೀಸ್ ಸ್ಟೇಷನ್ ಆರಿಸೋಕೆ ಒಂದು ಪಟ್ಟಿ ಬರತ್ತೆ. ಪೇಟೆಯವ್ರಿಗೆ ಇದು ಗೊತ್ತೇ ಆಗಲ್ಲ, ಹಳ್ಳಿಯವ್ರು ಎಡವೋದು ಇಲ್ಲೇ. ತಾಲ್ಲೂಕು ತೀರ್ಥಹಳ್ಳಿ ಅಂತ ತೀರ್ಥಹಳ್ಳಿ ಸ್ಟೇಷನ್ ಒತ್ತಿಬಿಡ್ತೀವಿ, ಆದ್ರೆ ನಿಮ್ಮ ಹಳ್ಳಿ ಆಗುಂಬೆ ಸ್ಟೇಷನ್ ಲೆಕ್ಕಕ್ಕೆ ಬರ್ತಿರಬಹುದು. ತಪ್ಪು ಸ್ಟೇಷನ್‌ಗೆ ಹೋದ ಫೈಲ್ ಅಲ್ಲಿಂದ ಇಲ್ಲಿಗೆ ಬರೋದ್ರೊಳಗೆ ಒಂದು ಮಳೆಗಾಲ ಕಳೆಯತ್ತೆ. ಬೀಟ್ ಪೊಲೀಸ್ ಯಾವ ಸ್ಟೇಷನ್ನಿಂದ ಬರ್ತಾರೆ ಅಂತ ಪಂಚಾಯ್ತಿಲಿ ಕೇಳ್ಕೊಳ್ಳಿ. ಪಿನ್‌ಕೋಡೂ ಹಾಗೇ, ತೀರ್ಥಹಳ್ಳಿದು 577432, ಆಗುಂಬೆದು 577411, ನಿಮ್ಮೂರಿನ ಬ್ರಾಂಚ್ ಪೋಸ್ಟಾಫೀಸು ಯಾವುದಕ್ಕೆ ಸೇರಿದೆಯೋ ಅದನ್ನ ಹಾಕಿ, ಪಾಸ್‌ಪೋರ್ಟ್ ಬರೋದು ಸ್ಪೀಡ್ ಪೋಸ್ಟಲ್ಲಿ.

ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡು ಆಧಾರ್ ಮಾತ್ರ ಊರಿನ ವಿಳಾಸದಲ್ಲಿ ಇಟ್ಕೊಂಡಿರೋ ಹುಡುಗರಿಗೆ ಒಂದು ಮಾತು. ಅರ್ಜಿ ಹಾಕೋದು ದೇಶದಲ್ಲಿ ಎಲ್ಲಿಂದ ಬೇಕಾದ್ರೂ ಆಗತ್ತೆ, 2018ರಿಂದ ಆ ಅನುಕೂಲ ಇದೆ. ಆದ್ರೆ ಈಗಿನ ವಿಳಾಸ ಅಂತ ಯಾವುದನ್ನ ಕೊಡ್ತೀರೋ ಅಲ್ಲಿಗೇ ಪೊಲೀಸ್ನೋರು ಬರೋದು. "ಊರಿನ ವಿಳಾಸ ಕೊಡ್ತೀನಿ, ಪೊಲೀಸ್ನೋರು ಬಂದ್ರೆ ಅಪ್ಪ ಮಾತಾಡ್ತಾರೆ" ಅಂತ ಲೆಕ್ಕ ಹಾಕ್ಬೇಡಿ, ಅರ್ಜಿದಾರ ಇಲ್ಲಿ ವಾಸ ಇಲ್ಲ ಅಂತ ಅವ್ರು ಇದ್ದದ್ದು ಬರೆದು ಕಳಿಸಿದ್ರೆ ಫೈಲ್ ಅಲ್ಲೇ ಕೂರತ್ತೆ, ಆಮೇಲೆ ಬಿಡಿಸೋಕೆ ಓಡಾಡ್ಬೇಕು. ಎಲ್ಲಿದೀರೋ ಅಲ್ಲಿದ್ದೇ ಕೊಡಿ, ಬಾಡಿಗೆ ಕರಾರು ಪತ್ರ ಇಟ್ಕೊಳ್ಳಿ.

ಫೀಸು ದೊಡ್ಡವ್ರಿಗೆ 36 ಪುಟದ್ದು 1500 ರೂಪಾಯಿ, 60 ಪುಟದ್ದು 2000. ಮಕ್ಕಳಿಗೆ 1000. ಎಂಟು ವರ್ಷದೊಳಗಿನ ಮಕ್ಕಳಿಗೂ 60 ದಾಟಿದವ್ರಿಗೂ ಮೊದಲ ಪಾಸ್‌ಪೋರ್ಟಿಗೆ ಹತ್ತು ಪರ್ಸೆಂಟ್ ಕಮ್ಮಿ, ದೊಡ್ಡಮ್ಮನಿಗೆ 1350 ಆಯ್ತು. ತತ್ಕಾಲ್ ಬೇಕು ಅಂದ್ರೆ ಮೇಲೆ 2000. ಯುಪಿಐಲೇ ಕಟ್ಬಹುದು. ಇಷ್ಟಕ್ಕೆ ನಮ್ಮ ಕಡೆ ಒಬ್ಬ ಏಜೆಂಟ್ ಒಬ್ಬ ಮುದುಕಪ್ಪನ ಹತ್ರ 4500 ತಗೊಂಡಿದ್ದ, "ಪೊಲೀಸಿಗೂ ಕೊಡ್ಬೇಕು, ಒಳಗಡೆನೂ ಕೊಡ್ಬೇಕು" ಅಂತ. ಯಾರಿಗೂ ಕೊಟ್ಟಿಲ್ಲ, ಅವನೇ ಇಟ್ಕೊಂಡ, ಮೇಲಿಂದ ಮುದುಕಪ್ಪನ ಊರಿನ ಹೆಸರನ್ನೇ ತಪ್ಪು ಟೈಪ್ ಮಾಡಿದ್ದ.

ದುಡ್ಡು ಕಟ್ಟಿದ್ಮೇಲೆ ಅಪಾಯಿಂಟ್‌ಮೆಂಟ್. ಮುಂಚೆ ಇದಕ್ಕೆ ಬೆಂಗಳೂರಿಗೋ ಮಂಗಳೂರಿಗೋ ಹುಬ್ಬಳ್ಳಿಗೋ ಬಸ್ಸಲ್ಲಿ ರಾತ್ರಿಯೆಲ್ಲ ಕೂತು ಹೋಗ್ಬೇಕಿತ್ತು. 2017ರ ಜನವರಿಲಿ ಪೋಸ್ಟಾಫೀಸಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಅಂತ ಶುರು ಮಾಡಿದ್ರು, ದೇಶದಲ್ಲೇ ಮೊದಲ ಎರಡರಲ್ಲಿ ಒಂದು ನಮ್ಮ ಮೈಸೂರಿದ್ದು, ಇನ್ನೊಂದು ಗುಜರಾತಿನ ದಾಹೋದ್. ಆಮೇಲೆ ಶಿವಮೊಗ್ಗ, ಹಾಸನ, ದಾವಣಗೆರೆ, ತುಮಕೂರು, ಉಡುಪಿ ಹೀಗೆ ಜಿಲ್ಲೆಗಳಿಗೆ ಬಂತು. ನಮಗೆ ಶಿವಮೊಗ್ಗ ಅರವತ್ತು ಕಿಲೋಮೀಟರು, ಬೆಳಗ್ಗೆ ಹೋಗಿ ಸಂಜೆ ಹಾಲು ಕರೆಯೋ ಹೊತ್ತಿಗೆ ವಾಪಸ್ ಬರಬಹುದು. ಹತ್ತಿರದ ಕೇಂದ್ರದಲ್ಲಿ ಸ್ಲಾಟ್ ಇಲ್ಲ ಅಂದ್ರೆ ಪಕ್ಕದ ಜಿಲ್ಲೇಲಿ ನೋಡಿ, ಘಾಟಿ ಇಳಿದು ಉಡುಪಿಗೆ ಹೋದವ್ರೂ ಇದಾರೆ.

ತಾರೀಕು ಆರಿಸೋವಾಗ ತೋಟದವ್ರು ಒಂದು ಯೋಚನೆ ಮಾಡಿ. ನಾನು ದೊಡ್ಡಮ್ಮನಿಗೆ ಸ್ಲಾಟ್ ಹಿಡಿದಿದ್ದು ಡಿಸೆಂಬರಲ್ಲಿ, ಅಡಿಕೆ ಕೊನೆಕೊಯ್ಲಿನ ಮಧ್ಯ. ಕೌಂಟರಲ್ಲಿ ಬೆರಳಚ್ಚು ತಗೊಳ್ಳೋ ಮೆಷಿನ್ ಮೇಲೆ ನಾಲ್ಕು ಬೆರಳು ಇಟ್ರು, ಕೆಂಪು ಲೈಟ್. ಒತ್ತಿ ಇಟ್ರು, ಕೆಂಪು ಲೈಟ್. ಕಂಪ್ಯೂಟರ್ ಹಿಂದೆ ಕೂತಿದ್ದ ಹುಡುಗಿ "ಅಮ್ಮಾ, ಕೈ ಒರೆಸ್ಕೊಳ್ಳಿ" ಅಂತ ಒದ್ದೆ ಬಟ್ಟೆ ಕೊಟ್ಲು. ಎಲ್ಲಿ ಹೋಗತ್ತೆ, ಒಂದು ತಿಂಗಳಿಂದ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ ಕೈ ಅದು, ಬೆರಳ ತುದಿ ಎಲ್ಲ ಕರೆ ಹಿಡಿದು ಕಪ್ಪಾಗಿದೆ, ಹೆಬ್ಬೆರಳಿನ ಗೆರೆ ಸವೆದು ನುಣ್ಣಗಾಗಿದೆ, ತೋರುಬೆರಳಲ್ಲಿ ಕತ್ತಿ ತಾಗಿದ ಗೀರು. ದೊಡ್ಡಮ್ಮನಿಗೆ ನಾಚಿಕೆ, "ಮನೇಲಿ ಹುಣಸೆಹಣ್ಣು ಹಾಕಿ ತಿಕ್ಕಿಯೇ ಬಂದಿದೀನಿ ಕಣಮ್ಮ" ಅಂತ ಸಮಜಾಯಿಷಿ ಬೇರೆ. ಆ ಹುಡುಗಿ ಪಾಪ ಒಳ್ಳೆಯವ್ಳು, ಒಂದೊಂದೇ ಬೆರಳನ್ನ ತಾನೇ ಹಿಡಿದು ಒತ್ತಿ ಆರೇಳು ಸಲ ಪ್ರಯತ್ನ ಮಾಡಿ ತಗೊಂಡ್ಲು. ಹಾಗಾಗಿ ಸುಲಿಯೋ ಕಾಲದಲ್ಲಿ ಬುಕ್ ಮಾಡ್ಬೇಡಿ, ಮಾಡ್ಲೇಬೇಕು ಅಂದ್ರೆ ಹದಿನೈದು ದಿನ ಮುಂಚೆಯಿಂದ ಸುಲಿಯೋದು ನಿಲ್ಸಿ ರಾತ್ರಿ ಹೊತ್ತು ಕೈಗೆ ಕೊಬ್ಬರಿ ಎಣ್ಣೆ ಹಚ್ಕೊಳ್ಳಿ. ಮದುವೆ ಮನೆ ಮದರಂಗಿ ಕೈಯಲ್ಲೂ ಹೋಗ್ಬೇಡಿ, ಅದೂ ಇದೇ ಕಥೆ.

ಹೋಗೋ ದಿನ ಒರಿಜಿನಲ್ ಎಲ್ಲ ತಗೊಂಡು ಹೋಗಿ, ಪ್ರತಿಯೊಂದರದ್ದೂ ಜೆರಾಕ್ಸ್ ಒಂದೊಂದು, ಅದರ ಮೇಲೆ ಸಹಿ. ಡಿಜಿಲಾಕರಲ್ಲಿ ಇದ್ರೂ ಒರಿಜಿನಲ್ ಬಿಟ್ಟು ಹೋಗ್ಬೇಡಿ. ಫೋಟೋ ಅಲ್ಲೇ ತೆಗೀತಾರೆ, ಸ್ಟುಡಿಯೋಗೆ ಹೋಗೋ ಅವಶ್ಯಕತೆ ಇಲ್ಲ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬಿಳಿ ಹಿನ್ನೆಲೆಯ ಫೋಟೋ ಒಯ್ಯಬೇಕು. ಬಿಳಿ ಅಂಗಿ ಬಿಳಿ ಸೀರೆ ಉಟ್ಕೊಂಡು ಹೋಗ್ಬೇಡಿ, ಹಿಂದಿನ ಪರದೆ ಬಿಳಿ, ತಲೆ ಒಂದೇ ತೇಲಾಡ್ತಿರೋ ಹಾಗೆ ಬರತ್ತೆ. ಅಪಾಯಿಂಟ್‌ಮೆಂಟ್ ಟೈಮಿಗಿಂತ ಹದಿನೈದು ನಿಮಿಷ ಮುಂಚೆ ಇದ್ರೆ ಸಾಕು, ಆದ್ರೆ ನಮ್ಮ ಕಡೆ ಬಸ್ಸು ನಂಬೋ ಹಾಗಿಲ್ಲ, ಒಂದು ಬಸ್ಸು ಮುಂಚೆನೇ ಹೊರಡಿ. ಒಳಗೆ ಹೋದ್ಮೇಲೆ ಟೋಕನ್ ಕೊಡ್ತಾರೆ, ಫೋಟೋ, ಬೆರಳಚ್ಚು, ಕಾಗದ ಸ್ಕ್ಯಾನಿಂಗು ಆಗತ್ತೆ, ಆಮೇಲೆ ಇನ್ನೊಬ್ರು ಒರಿಜಿನಲ್ ನೋಡಿ ಒಂದೆರಡು ಪ್ರಶ್ನೆ ಕೇಳ್ತಾರೆ. ಅವ್ರೂ ನಮ್ಮವ್ರೇ, ಕನ್ನಡದಲ್ಲೇ ಮಾತಾಡ್ತಾರೆ. ದೊಡ್ಡಮ್ಮನ್ನ ಕೇಳಿದ್ದು ಎರಡೇ, ಯಾವ ದೇಶಕ್ಕೆ, ಯಾಕೆ. ದೊಡ್ಡಮ್ಮ ಮಗಳಿಗೆ ಎಷ್ಟನೇ ತಿಂಗಳು ಅಂತ ಹಿಡಿದು ಪೂರ್ತಿ ಹೇಳಿದ್ರು.

ಇಲ್ಲಿ ಕಂಪ್ಯೂಟರ್ ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿ "ಎಲ್ಲ ಸರಿ ಇದೆಯಾ ನೋಡಿ" ಅಂತಾರೆ. ಅವಸರದಲ್ಲಿ ತಲೆ ಆಡಿಸ್ಬೇಡಿ. ಹೆಸರು, ಅಪ್ಪನ ಹೆಸರು, ತಾರೀಕು, ಹುಟ್ಟಿದ ಊರು, ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಇಂಗ್ಲಿಷ್ ಬರಲ್ಲ ಅಂದ್ರೆ ಆಧಾರ್ ಪಕ್ಕದಲ್ಲಿಟ್ಕೊಂಡು ಚಿತ್ರ ಹೋಲಿಸೋ ಹಾಗೆ ಹೋಲಿಸಿ. ಇಲ್ಲಿ ತಿದ್ದೋಕೆ ಒಂದು ನಿಮಿಷ, ಪುಸ್ತಕ ಪ್ರಿಂಟ್ ಆದ್ಮೇಲೆ ತಿದ್ದೋಕೆ ಮತ್ತೆ ಹೊಸ ಅರ್ಜಿ, ಮತ್ತೆ 1500.

ಪೊಲೀಸ್ ವಿಷಯಕ್ಕೆ ಬಂದ್ರೆ ಹೆದರೋಕೆ ಏನೂ ಇಲ್ಲ. ಸ್ಟೇಷನ್ನಿಂದ ಫೋನ್ ಬರತ್ತೆ, ಗುರುತಿಲ್ಲದ ನಂಬರ್ ಅಂತ ಕಟ್ ಮಾಡ್ಬೇಡಿ. ನೆಟ್‌ವರ್ಕ್ ಸಿಗದ ಮನೆಯವ್ರು ಒಂದೆರಡು ವಾರ ದಿನಾ ಸಂಜೆ ಗುಡ್ಡದ ಮೇಲೆ ಹೋಗಿ ಮಿಸ್ಡ್ ಕಾಲ್ ನೋಡ್ಕೊಂಡು ಬನ್ನಿ, ನಾಲ್ಕೈದು ದಿನ ಆದ್ರೂ ಫೋನ್ ಬರದಿದ್ರೆ ನೀವೇ ಸ್ಟೇಷನ್‌ಗೆ ಹೋಗಿ ಫೈಲ್ ಬಂದಿದೆಯಾ ಅಂತ ಕೇಳಿದ್ರೂ ತಪ್ಪಿಲ್ಲ. ಬಂದವ್ರಿಗೆ ಕಾಗದ ತೋರಿಸಿ, ಫೋಟೋ ಹಿಡ್ಕೋತಾರೆ, ಸಹಿ ತಗೋತಾರೆ. ಇದಕ್ಕೆ ಯಾವ ಫೀಸೂ ಇಲ್ಲ. ಮಳೇಲಿ ಬೈಕಲ್ಲಿ ಬಂದವ್ರಿಗೆ ಕಾಫಿ ತಿಂಡಿ ಕೊಡಿ, ಅದು ಮನೆ ಮರ್ಯಾದೆ, ಕವರ್ ಕೊಡೋದು ಬೇಡ. ಕೋರ್ಟಲ್ಲಿ ಕ್ರಿಮಿನಲ್ ಕೇಸ್ ಇದ್ರೆ ಫಾರ್ಮಲ್ಲೇ ಇದ್ದದ್ದು ಇದ್ದ ಹಾಗೆ ಬರೀರಿ, ಮುಚ್ಚಿಟ್ಟಿದ್ದೇ ದೊಡ್ಡ ತಪ್ಪಾಗತ್ತೆ, ಕೋರ್ಟಿಂದ ಅನುಮತಿ ತಗೊಂಡು ಮಾಡಿಸೋಕೆ ದಾರಿ ಇದೆ. ದಾಯಾದಿಗಳ ಬೇಲಿ ಜಗಳದ ಸಿವಿಲ್ ದಾವೆ ಇದ್ರೆ ಅದು ಈ ಲೆಕ್ಕಕ್ಕೆ ಬರಲ್ಲ, ನಮ್ಮೂರಲ್ಲಿ ಅದೂ ಲೆಕ್ಕಕ್ಕೆ ಬಂದಿದ್ರೆ ಯಾರಿಗೂ ಪಾಸ್‌ಪೋರ್ಟ್ ಸಿಗ್ತಿರಲಿಲ್ಲ.

ಪೊಲೀಸ್ ರಿಪೋರ್ಟ್ ಹೋದ್ಮೇಲೆ ಬೆಂಗಳೂರಲ್ಲಿ ಪ್ರಿಂಟ್ ಆಗತ್ತೆ, ಫೈಲ್ ನಂಬರ್ ಹಾಕಿ ವೆಬ್‌ಸೈಟಲ್ಲಿ ಎಲ್ಲಿಗೆ ಬಂತು ಅಂತ ನೋಡ್ತಿರಿ, ಅರ್ಥ ಆಗದಿದ್ರೆ 1800 258 1800ಗೆ ಫೋನ್ ಮಾಡಿ, ಫ್ರೀ ನಂಬರು. ಪೋಸ್ಟ್‌ಮ್ಯಾನ್ ಕೊಡೋದು ಅರ್ಜಿದಾರರ ಕೈಗೇ, ಗುರುತಿನ ಕಾಗದ ನೋಡಿ. ನಮ್ಮ ಪೋಸ್ಟಣ್ಣ ಮೂವತ್ತು ವರ್ಷದಿಂದ ದೊಡ್ಡಮ್ಮನ ಮನೇಲಿ ನೀರು ಬೆಲ್ಲ ಕುಡಿದವ್ರು, ಆದ್ರೂ ಅವತ್ತು "ಅಕ್ಕಾ, ಆಧಾರ್ ತೋರಿಸ್ರೀ" ಅಂದ್ರಂತೆ. ದೊಡ್ಡಮ್ಮನಿಗೆ ಇನ್ನೂ ಅದೇ ಬೇಜಾರು.

ರಿನೀವಲ್ ಅಂತ ಎಲ್ರೂ ಕರೆಯೋದನ್ನ ಅವ್ರು ರೀ-ಇಶ್ಯೂ ಅಂತಾರೆ, ಹಳೇ ಪುಸ್ತಕಕ್ಕೆ ಸೀಲ್ ಹೊಡೆದು ಮುಂದುವರಿಸೋದೇನಿಲ್ಲ, ಹೊಸ ನಂಬರಿನ ಹೊಸ ಪುಸ್ತಕನೇ ಬರತ್ತೆ. ದೊಡ್ಡವ್ರದ್ದು 10 ವರ್ಷ, ಮಕ್ಕಳದ್ದು 5 ವರ್ಷ ಇಲ್ಲಾ 18 ತುಂಬೋ ತನಕ, ಯಾವುದು ಮೊದಲೋ ಅದು. ಮುಗಿಯೋಕೆ ಒಂದು ವರ್ಷ ಇರೋವಾಗ್ಲೇ ಅರ್ಜಿ ಹಾಕ್ಬಹುದು, ಹಾಕಿ, ಯಾಕಂದ್ರೆ ತುಂಬಾ ದೇಶದವ್ರು ಇನ್ನೂ ಆರು ತಿಂಗಳು ಬಾಕಿ ಇಲ್ಲದ ಪಾಸ್‌ಪೋರ್ಟಿಗೆ ಒಳಗೆ ಬಿಡಲ್ಲ. ಹಳೇ ಪಾಸ್‌ಪೋರ್ಟ್ ಒರಿಜಿನಲ್, ಅದರ ಮೊದಲ ಎರಡು ಕೊನೆಯ ಎರಡು ಪುಟದ ಜೆರಾಕ್ಸ್, ವಿಳಾಸ ಬದಲಾಗಿದ್ರೆ ಅದರ ಪುರಾವೆ, ಅಷ್ಟೇ. ಹಳೇದನ್ನ ಕ್ಯಾನ್ಸಲ್ ಮಾಡಿ ವಾಪಸ್ ಕೊಡ್ತಾರೆ, ಅದನ್ನ ಎಸೀಬೇಡಿ. ಅಮೆರಿಕದ ಹತ್ತು ವರ್ಷದ ವೀಸಾ ಅದರಲ್ಲಿದ್ರೆ ಅದು ಇನ್ನೂ ಚಾಲ್ತಿಲೇ ಇರತ್ತೆ, ಹಳೇದು ಹೊಸದು ಎರಡೂ ಜೊತೆಗೆ ಒಯ್ದರೆ ಆಯ್ತು.

ಮಕ್ಕಳದ್ದು ಮಾಡಿಸೋರು ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯ ಅನೆಕ್ಷರ್ ಡಿ ಪ್ರಿಂಟ್ ತೆಗೆದು ಸಹಿ ಹಾಕಿ ಒಯ್ಯಿರಿ, ನಿಮ್ಮ ಪಾಸ್‌ಪೋರ್ಟ್ ಇದ್ರೆ ಅದನ್ನೂ. ಮಗುವಿನ ಬರ್ತ್ ಸರ್ಟಿಫಿಕೇಟಲ್ಲಿ ಅಪ್ಪ ಅಮ್ಮನ ಹೆಸರು ನಿಮ್ಮ ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇರ್ಬೇಕು, ಆಸ್ಪತ್ರೇಲಿ ಹೆರಿಗೆ ದಿನ ಫಾರ್ಮ್ ತುಂಬೋವಾಗ ಅಜ್ಜಿನೋ ಮಾವನೋ ಬಾಯಿಗೆ ಬಂದ ಹೆಸರು ಬರೆಸಿರ್ತಾರೆ, ಈಗಲೇ ತೆಗೆದು ನೋಡಿ.

ಈಗ ಬರ್ತಿರೋದೆಲ್ಲ ಇ-ಪಾಸ್‌ಪೋರ್ಟು, ಮುಂದಿನ ರಟ್ಟಿನ ಮೇಲೆ ಚಿನ್ನದ ಬಣ್ಣದ ಸಣ್ಣ ಗುರುತು ಇರತ್ತೆ, ಒಳಗೆ ಚಿಪ್ ಇದೆ. ಮಡಚಬೇಡಿ, ಸ್ಟೇಪ್ಲರ್ ಹೊಡೀಬೇಡಿ. ನಮ್ಮ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೇ ಬೂಸ್ಟು ಹಿಡಿಯತ್ತೆ, ಗೋಡೆ ಪಕ್ಕದ ಟ್ರಂಕಿಗೆ ಗೆದ್ದಲು ಹತ್ತತ್ತೆ, ಹಾಳಾದ ಪಾಸ್‌ಪೋರ್ಟಿಗೆ ಬದಲಿ ಬೇಕು ಅಂದ್ರೆ 3000 ರೂಪಾಯಿ. ಜಿಪ್ ಇರೋ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಒಣಗಿದ ಜಾಗದಲ್ಲಿ ಎತ್ತರಕ್ಕೆ ಇಡಿ. ದೊಡ್ಡಮ್ಮ ಇಟ್ಟಿರೋದು ಒಲೆ ಮೇಲಿನ ಅಟ್ಟದಲ್ಲಿ, ಉಪ್ಪಿನಕಾಯಿ ಜಾಡಿ ಪಕ್ಕ, ಸ್ಟೀಲ್ ಡಬ್ಬಿ ಒಳಗೆ. ಮೊನ್ನೆ ವೀಸಾಗೆ ಅಂತ ತೆಗೆದ್ರೆ ಸಣ್ಣಗೆ ಹೊಗೆ ವಾಸನೆ ಬರ್ತಿತ್ತು, ಆದ್ರೆ ಒಂದು ಪುಟಕ್ಕೂ ಬೂಸ್ಟು ಹಿಡಿದಿರಲಿಲ್ಲ.